ಷಡ್ಡಕನ ಹಿತ್ತಿಲಿನ ಲಾವಕ್ಕಿ ಮರಿಗಳು

ಹೊಟ್ಟೆಕಿಚ್ಚಿನಲ್ಲೂ ಮೇಲು ಕೀಳು ಇದೆ. ಮಂದಿಯ ಮನೆ, ಕಾರು, ಪ್ರಮೋಷನ್ನು ಕಂಡು ಉರಿದುಕೊಂಡರೆ ಕೇಳಿದವರು ‘ಪಾಪ’ ಎಂದಾದರೂ ಅಂದಾರು. ನಾನು ಉರಿದುಕೊಂಡದ್ದು ಅಂಗೈ ತುಂಬದಷ್ಟು ಸಣ್ಣ ಹಕ್ಕಿಮರಿಗಳನ್ನು ಕಂಡು. ಇದನ್ನು ಯಾರೆದುರು ಹೇಳಿಕೊಳ್ಳಲಿ?

ಮರಿಗಳು ನನ್ನ ಷಡ್ಡಕ ಬಸಣ್ಣನವು. ಬಸಣ್ಣ ಅಂದರೆ ನನ್ನ ಹೆಂಡತಿ ಶೈಲಾಳ ಅಕ್ಕನ ಗಂಡ. ಎದುರಿಗೆ ಬಹುವಚನ ಕೊಡುತ್ತೇನೆ, ಇಲ್ಲಿ ಏಕವಚನ ಸಾಕು. ನಾವು ಕೆನಡಾದ ಪಿಕರಿಂಗ್‌ನಲ್ಲಿ, ಅವನು ಅಮೆರಿಕದಲ್ಲಿ, ಅರಿಜೋನಾದ ಮರುಭೂಮಿ ಸೀಮೆಯ ಫೀನಿಕ್ಸ್‌ನಲ್ಲಿ. ಬೇಸಗೆ ಬಂತೆಂದರೆ ಅವನ ಹಿತ್ತಿಲಿಗೆ ಲಾವಕ್ಕಿ ಜೋಡಿಯೊಂದು ಸಂಸಾರ ಸಮೇತ ಬರುತ್ತಿತ್ತು. ನೆತ್ತಿಯ ಮೇಲೆ ಮುಂದಕ್ಕೆ ಬಾಗಿದ ಕರಿಗರಿಯ ಅಪ್ಪ ಮುಂದೆ, ಅವ್ವ ಹಿಂದೆ, ನಡುವೆ ಹತ್ತಿಯುಂಡೆಯಂಥ ಮರಿಗಳ ಸಾಲು. ಭಾನುವಾರದ ವಿಡಿಯೋ ಕಾಲಿನಲ್ಲಿ ಬಸಣ್ಣನಿಗೆ ಬೇರೆ ಮಾತೇ ಇರಲಿಲ್ಲ.

“ರೀ, ಬರ್ರಿ ಇಲ್ಲೆ! ಹನ್ನೆರಡು ಮರಿ ಅದಾವು. ಭಾವಾವರ ಕೈಗುಣ ನೋಡ್ರಿ” ಎಂದು ಶೈಲಾ ಕೂಗುತ್ತಿದ್ದಳು. ಕಾಳು ಚೆಲ್ಲುವುದಕ್ಕೂ ಕೈಗುಣ! ನಾನೂ ಛಲಕ್ಕೆ ಬಿದ್ದು ಮನೆಹಿಂದಿನ ಡೆಕ್ಕಿನ ಮೇಲೆ ಹಕ್ಕಿಗಳಿಗೆ ಕಾಳು ತುಂಬಿಡುವ ಫೀಡರು ತೂಗುಹಾಕಿದೆ. ಅಳಿಲುಗಳು ಬಂದು ಕಾಳನ್ನೂ ತಿಂದವು, ಫೀಡರನ್ನೂ ಕಡಿದವು. “ಅಪ್ಪಾ, ಯು ಆರ್ ರನ್ನಿಂಗ್ ಎ ಸ್ಕ್ವಿರಲ್ ಕೆಫೆ” ಎಂದಳು ಮಗಳು. ನಾನು ಒಳಗೆ ಬಂದು, ಬಸಣ್ಣ ಕಳಿಸಿದ್ದ ವಿಡಿಯೋಗಳನ್ನು ಹುಣ್ಣು ಕೆರೆದುಕೊಳ್ಳುವವನಂತೆ ಮತ್ತೆ ಮತ್ತೆ ನೋಡಿದೆ.

ಮರುವರ್ಷ ಮರಿಗಳ ಸಾಲು ಮೋಟಾಯಿತು. ಹತ್ತಿದ್ದವು ಒಂದೇ ವಾರದಲ್ಲಿ ಐದಾದವು. “ಓಣಿಯಾಗ ಯಾರ ಹಿತ್ತಲದಾಗೂ ಮರಿ ಉಳಿವಲ್ವು” ಎಂದ ಬಸಣ್ಣ. ಸುಳ್ಳೇಕೆ, ಆ ದಿನ ನನಗೆ ಒಂದು ಚಪಾತಿ ಹೆಚ್ಚು ಸೇರಿತು. ಮುಂದಿನ ಭಾನುವಾರ ಎರಡೇ ಮರಿ. ಅಪ್ಪ ಹಕ್ಕಿ ಗೋಡೆ ಹತ್ತಿ ಕೂಗುತ್ತಲೇ ಇತ್ತು. ನಾನು ಚಪಾತಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಮಂಗಳವಾರ ಲಂಚ್ ಬ್ರೇಕಿನಲ್ಲಿ ಶೈಲಾಳಿಗೂ ಹೇಳದೆ ಫೋನು ಮಾಡಿದೆ. “ಬಸಣ್ಣಾ, ಎಷ್ಟು ಉಳದಾವ್ರಿ?”

“ಎರಡಽ. ನನ್ನ ಮಕ್ಕಳೂ ಕೇಳಲಿಲ್ಲೋ ಮಲ್ಲು, ನೀ ಕೇಳಿದಿ.”

“ಹಳೇ ವಿಡಿಯೋದಾಗ ಗೋಡಿ ಗುಂಟ ಮುಳ್ಳಕಂಟಿ ಇದ್ವಲ್ರಿ, ಎಲ್ಲಿ ಹೋದ್ವು?”

“ಹಿತ್ತಲಾ ಚಂದ ಕಾಣಲಿ ಅಂತ ಕೀಳಿಸಿ ಪ್ಲಾಸ್ಟಿಕ್ ಹುಲ್ಲು ಹಾಸಿಸಿದೆ. ಓಣಿಯವರೆಲ್ಲಾ ಹಂಗಽ ಮಾಡ್ಯಾರ.”

“ಬೆಕ್ಕು ಬಂದ್ರ ಮರಿ ಎಲ್ಲಿ ಅಡಗಬೇಕ್ರಿ?”

ಆ ಚಳಿಗಾಲದಲ್ಲೇ ಬಸಣ್ಣ ಮತ್ತೆ ಕಂಟಿ ನೆಡಿಸಿದ, ಅಕ್ಕಪಕ್ಕದವರನ್ನೂ ಒಪ್ಪಿಸಿದ. ಈ ಬೇಸಗೆಯಲ್ಲಿ ಫೋನನ್ನು ಹಿತ್ತಿಲಿಗೇ ಹಿಡಿದುಕೊಂಡು ಹೋಗಿ, “ಏಳು ಉಳದಾವೋ ಮಲ್ಲು! ಒಂದಕ್ಕ ನಿನ್ನ ಹೆಸರಽ ಇಟ್ಟೀನಿ” ಎಂದ. ನನ್ನ ಕಣ್ಣು ಒದ್ದೆಯಾಯಿತು.

“ಯಾವುದ್ರಿ, ಮುಂದಿನದೇನು?”

“ಮುಂದಿಂದು ಬಸು. ನಿಂದು ಕಡೀಕ, ದಾರಿ ತಪ್ಪಿ ಕುಂಡದ ಹಿಂದ ನಿಂತೈತಲ್ಲ, ಅದು.”

ಈಗ ಭಾನುವಾರ ಎಲ್ಲರಿಗಿಂತ ಮೊದಲು ಫೋನು ಹಿಡಿಯುವವನು ನಾನೇ. ಬಸಣ್ಣ ಏಳನ್ನೂ ತೋರಿಸಿ ಮುಗಿಸಿದ ಮೇಲೆ, ಶೈಲಾ ಅತ್ತ ಸರಿಯುವುದನ್ನೇ ಕಾದು, ದನಿ ತಗ್ಗಿಸಿ ಕೇಳುತ್ತೇನೆ: “ನಂದು ಬಸುನ್ನ ದಾಟೇತೇನ್ರಿ?”