ಮೊಂಬಾಸದ ಹಾಡುಗಾರನೂ ನನ್ನ ಮೈಕ್ ಸೆಟ್ಟೂ

ಆ ಗ್ರಾಮಫೋನ್ ತಟ್ಟೆಗೆ ನಾನು ಕೊಟ್ಟದ್ದು ಒಂದು ಕೊಡೆ. ಹೊಸದೆಂದೇ ಹೇಳಬಹುದಾದ ಕೊಡೆ. ಪುತ್ತೂರಿನಲ್ಲಿ ಆಗ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುವವರೆಲ್ಲರ ಹತ್ತಿರ ಇದ್ದದ್ದು ಅವೇ ಹಳೆಯ ತಟ್ಟೆಗಳು. ಬೇರೆ ಯಾರಲ್ಲೂ ಇಲ್ಲದ್ದು ನಮ್ಮಲ್ಲಿದ್ದರೆ ಗಿರಾಕಿ ಚೌಕಾಸಿ ಮಾಡುವುದಿಲ್ಲ. ನಾನು ಮೇಲೆ ಬಂದದ್ದೇ ಹಾಗೆ.

ತಟ್ಟೆ ತಂದವನು ಹಡಗಿನಲ್ಲಿ ಅಡುಗೆಗಿದ್ದು ಊರಿಗೆ ಬಂದಿದ್ದ ಮೊಯ್ದು ಬ್ಯಾರಿ. ಹಾಡಿದವನ ಕಥೆಯನ್ನೂ ಅವನೇ ಹೇಳಿದ.

“ಅವ ಮೊದಲು ಮೊಂಬಾಸ ಬಂದರಿನಲ್ಲಿ ಮೂಟೆ ಹೊರುವವ ಸಾಹುಕಾರ್ರೆ. ಮೂಟೆ ಹೊತ್ತುಕೊಂಡೇ ಹಾಡುದು. ಮತ್ತೆ ಗಿಟಾರು ತೆಗೆದ, ತುತ್ತೂರಿ ತೆಗೆದ, ದೊಡ್ಡ ಮೇಳ ಕಟ್ಟಿದ. ಈಗ ಅವನ ಹಾಡಿಲ್ಲದ ಚಾದಂಗಡಿಯೇ ಅಲ್ಲಿ ಇಲ್ಲ. ಒಮ್ಮೆ ಮೇಳದವರೆಲ್ಲ ಸಿಟ್ಟು ಮಾಡಿ ಹೋದರು. ವಾದ್ಯವೆಲ್ಲ ಇವನದ್ದೇ ಅಲ್ವಾ? ಕೋಣೆಗೆ ಬೀಗ ಹಾಕಿದ. ಮುಂದಿನ ವಾರ ಬೇರೆ ಹುಡುಗರು, ಮೇಳಕ್ಕೆ ಅದೇ ಹೆಸರು.”

“ಸಾಕು, ಅರ್ಥ ಆಯ್ತು,” ಎಂದು ನಾನು ಎದ್ದೆ.

ಅರ್ಥ ಆಗಿತ್ತು ಕೂಡ. ನನ್ನ ಸೆಟ್ ನಡೆಸುತ್ತಿದ್ದ ಶೇಸಪ್ಪ ಆಗಲೇ ಒಂದು ಹಟ ಹಿಡಿದಿದ್ದ: ಸೆಟ್ಟಿನ ಪೆಟ್ಟಿಗೆಯ ಮೇಲೆ ನನ್ನ ಹೆಸರಿನ ಜೊತೆ ಅವನದ್ದೂ ಬರೆಸಬೇಕಂತೆ. “ಸಾಮಾನು ಯಾರದ್ದು ಮಾರಾಯ?” ಎಂದು ಮೊಂಬಾಸದ ಧಾಟಿಯಲ್ಲೇ ಕೇಳಿದೆ. ಅವನು ಕೆಲಸ ಬಿಟ್ಟು ಹೊರಟುಹೋದ.

ಮುಂದಿನ ಮದುವೆ ಮರ್ಕಂಜದ ಗೌಡರ ಮನೆಯಲ್ಲಿ. ಅವರಲ್ಲಿ ಇನ್ನೂ ಎರಡು ಹೆಣ್ಣುಮಕ್ಕಳ ಮದುವೆ ಬಾಕಿ ಇತ್ತು. ಇದು ಸರಿಹೋದರೆ ಅವೂ ನನ್ನವೇ. ಕೀ ತಿರುಗಿಸುವುದು, ಮುಳ್ಳು ಇಡುವುದು, ಇದರಲ್ಲೇನಿದೆ ಎಂದು ನಾನೇ ಕುಳಿತೆ. ಊಟ ಬಡಿಸುವ ಹೊತ್ತಿಗೆ ಸರಿಯಾಗಿ ಮೊಂಬಾಸದವನನ್ನು ಹಾಕಿದೆ. ಎರಡು ಸಾಲು ಚೆನ್ನಾಗಿಯೇ ಹಾಡಿದ. ಆಮೇಲೆ ಸ್ವರ ಇಳಿಯಿತು, ಇನ್ನೂ ಇಳಿಯಿತು, ಕೆಸರಿನಲ್ಲಿ ಹೂತ ಕೋಣದ ಹಾಗೆ ಒಮ್ಮೆ ನರಳಿ ನಿಂತಿತು. ಗಾಬರಿಯಲ್ಲಿ ನಾನು ಯಾವುದನ್ನೋ ತಿರುಗಿಸಿದ್ದಕ್ಕೆ ಮರದ ಮೇಲಿನ ಹಾರ್ನ್ ಕಿರುಚತೊಡಗಿತು.

“ಈ ಹಾಡುವವನಿಗೆ ಎಂತ, ಹುಷಾರಿಲ್ವಾ?” ಎಂದರು ಹುಡುಗಿಯ ಸೋದರಮಾವ. “ಉಳಿದ ಮದುವೆಗೆ ವಾಲಗ ಒಂದೇ ಸಾಕು ಕಾಣ್ತದೆ.”

ಊಟದ ಪಂಕ್ತಿಯಲ್ಲಿ ಶೇಸಪ್ಪ ಕಂಡ. ವರನ ಕಡೆಯಿಂದ ನೆಂಟನಾಗಬೇಕಂತೆ. ನಾನು ಅವನ ಎಲೆಯ ಮುಂದೆ ಹೋಗಿ ನಿಂತೆ.

“ಪಾಯಸ ಮುಗಿಯಲಿ,” ಎಂದ.

“ಹೆಸರು ಬರೆಸುವ ಮಾರಾಯ, ಸಣ್ಣ ಅಕ್ಷರದಲ್ಲಿ.”

ಅವನು ಬಡಿಸುವವರನ್ನು ಕರೆದು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡ.

“ಆಯ್ತು, ಇಬ್ಬರಿಗೂ ಒಂದೊಂದು ಸಾಲು. ಜಾಗ ಸಮ.”

ಕೈ ತೊಳೆದು ಬಂದ. ಪಂಕ್ತಿ ಏಳುವುದರೊಳಗೆ ಮೊಂಬಾಸದವನಿಗೆ ಮತ್ತೆ ಜೀವ ಬಂತು. ಉಳಿದ ಎರಡು ಮದುವೆಗಳೂ ನಮಗೇ ಸಿಕ್ಕಿದವು.

ಇದನ್ನೆಲ್ಲ ಹೇಳಿದಾಗ ಮೊಯ್ದು ನಕ್ಕ. “ಮೊಂಬಾಸದವನಿಗೆ ಆ ವಾದ್ಯವೆಲ್ಲ ಬಾರಿಸಲಿಕ್ಕೆ ಬರ್ತದೆ ಸಾಹುಕಾರ್ರೆ. ಹೊಸ ಹುಡುಗರಿಗೆ ಅವನೇ ಕಲಿಸಿದ್ದು. ಹೇಳುವಷ್ಟರಲ್ಲಿ ನೀವು ಕೊಡೆ ಕೊಟ್ಟು ಎದ್ದಿರಲ್ಲ.”

ಆದ್ದರಿಂದ ನನ್ನ ಸಲಹೆ ಇಷ್ಟೆ. ದೊಡ್ಡವರ ಕಥೆಯಿಂದ ಪಾಠ ಕಲಿಯುವುದಿದ್ದರೆ ಕೊನೆಯವರೆಗೆ ಕುಳಿತು ಕೇಳಿ. ಜಾಗ ಸಮ ಎಂದು ಒಪ್ಪುವ ಮೊದಲು ನಿಮ್ಮ ಹೆಸರು ಎಷ್ಟು ಉದ್ದವೆಂದು ನೋಡಿಕೊಳ್ಳಿ. ನಮ್ಮ ಪೆಟ್ಟಿಗೆಯ ಮೇಲೆ ‘ಶೇಸಪ್ಪ’ ರಸ್ತೆಯ ಆಚೆಯಿಂದಲೇ ಕಾಣುತ್ತದೆ. ಮನೆತನದ ಹೆಸರಿನ ಸಮೇತ ಬರೆಸಿದ ನನ್ನ ಹೆಸರನ್ನು ಓದಲು ಹತ್ತಿರ ಬರಬೇಕು, ಕನ್ನಡಕವನ್ನೂ ತರಬೇಕು.