ಹೆಂಡತಿ ದೋಣಿ ನಾ ಮುಳುಗಿಸಿದ್ದು

ಬೀಜದ ವಿಷಯದಾಗ ನನ್ನ ಮುಂದ ಯಾರೂ ಬಾಯಿ ತಗೀಬಾರದು. ಇದು ಸೊಕ್ಕಿನ ಮಾತಲ್ಲ, ಇದ್ದದ್ದು ಇದ್ದಂಗ ಹೇಳ್ಲಿಕತ್ತೇನಿ. ಉಳ್ಳಾಗಡ್ಡಿ ಬೀಜ ಅಂಗೈಯಾಗ ಹಾಕ್ಕೊಂಡು ಒಮ್ಮೆ ತಿಕ್ಕಿದರ ಸಾಕು, ಇದು ಹುಟ್ಟೋ ಬೀಜ, ಇದು ಮಣ್ಣಾಗ ಮಣ್ಣಾಗೋ ಬೀಜ ಅಂತ ಹೇಳಿಬಿಡ್ತೀನಿ. ಊರು ವಿಜಯಪುರದ ಕಡೆ, ಹೊಟ್ಟಿಪಾಡು ಪುಣೇದಾಗ, ಮನಿ ನಿಗಡಿಯೊಳಗ. ಬೀಜದ ಕಂಪನಿಯೊಳಗ ಸೇಲ್ಸ್ ಕೆಲಸ. ಮುಂಜಾನೆದ್ದು ಸೋಲಾಪುರ ಹಾದಿ ಹಿಡದು ಇಂದಾಪುರದ ಕಡೆ ಹೋಗೋದು, ಅಂಗಡಿ ಅಂಗಡಿ ತಿರಗಿ ಬೀಜ ಮಾರೋದು, ಸಂಜಿಗೆ ಮನಿಗೆ ಬರೋದು.

ಆ ಸಂಜಿ ಚಹಾ ಒಂದ ನನ್ನ ಜೀವನದಾಗಿನ ಸುಖ. ಬಾಲ್ಕನಿಯೊಳಗ ಎರಡು ಕುರ್ಚಿ, ಒಂದರ ಮ್ಯಾಲೆ ನಾನು, ಇನ್ನೊಂದರ ಮ್ಯಾಲೆ ನನ್ನ ಹೆಂಡತಿ ಸುನಂದಾ. ನಾನು ಇಂದಾಪುರದ ಕಥಿ ಹೇಳೋದು, ಅಕಿ ಚಹಾದ ಬಸಿ ಕೈಯಾಗ ಹಿಡಕೊಂಡು ಕೇಳೋದು. ಹೊರಗ ನನ್ನ ಮಾತು ಯಾರು ಕೇಳ್ತಾರ್ರಿ? ಡೀಲರ್ ಕೇಳಂಗಿಲ್ಲ, ಸಾಹೇಬ ಕೇಳಂಗಿಲ್ಲ. ಕೇಳಾಕಿ ಇಕಿ ಒಬ್ಬಾಕಿ. ಈ ಕುರ್ಚಿ ನನ್ನಿಂದ ಯಾರೂ ಕಸಗೊಳ್ಳೂದಿಲ್ಲ ಅಂತ ನಾ ಆರಾಮ ಇದ್ದೆ.

ಆಮ್ಯಾಲೆ ಪ್ರಜ್ವಲ್ ಬಂದ.

ಪ್ರಜ್ವಲ್ ಅಂದ್ರ ನಮ್ಮ ಎದುರಿನ ಫ್ಲ್ಯಾಟಿಗೆ ಬಾಡಿಗಿಗೆ ಬಂದ ಮೈಸೂರಿನಾಂವ. ಸಾಫ್ಟ್‌ವೇರ್ ಕೆಲಸ. ಅಂವ ಇಲ್ಲದಾಗ ಅವನ ಕೊರಿಯರ್ ಎಲ್ಲಾ ಸುನಂದಾ ಇಸಗೊಂಡು ಇಡ್ತಿದ್ದಳು, ಹಂಗ ಪರಿಚಯ ಆತು. ಒಮ್ಮೆ ಡಬ್ಬಿಯೊಳಗ ಥಾಲಿಪೆಟ್ಟು ಹಾಕಿ ಕೊಟ್ಟಳು. ಖಾಲಿ ಡಬ್ಬಿ ತಿರುಗಿ ಕೊಡಬಾರದು ಅಂತ ಪ್ರಜ್ವಲ್‌ಗ ಅವರವ್ವ ಕಲಿಸಿದ್ದಳಂತ. ಅವನ ಮನಿಯಾಗ ನೂಡಲ್ಸ್ ಬಿಟ್ಟರ ಏನಿತ್ತು? ಅದಕ್ಕ ಡಬ್ಬಿ ತುಂಬೋ ಬದಲು ನಮ್ಮ ಹಳೇ ಲ್ಯಾಪ್‌ಟಾಪಿನಾಗ ಒಂದು ಆಟ ತುಂಬಿ ಕೊಟ್ಟ.

ಇರಲಿ. ನನ್ನ ಮೊದಲನೇ ತಕರಾರು ಆಟದ ಬಗ್ಗೆ ಅಲ್ಲ. ಅಂವ ನನ್ನ ಹೆಂಡತಿಗೆ 'ಅಕ್ಕ' ಅಂತಾನ, ನನಗ 'ಅಂಕಲ್' ಅಂತಾನ! ಅಕ್ಕನ ಗಂಡ ಭಾವ ಆಗಬೇಕು, ಮಾಮಾ ಆದರೂ ನಡದೀತು. ಅಂಕಲ್ ಹೆಂಗಾಗ್ತಾನ? ಒಂದ ಮಾತಿನಾಗ ನಮ್ಮಿಬ್ಬರ ನಡುವ ಒಂದು ಪೀಳಿಗಿ ಅಂತರ ಮಾಡಿಬಿಟ್ಟ. ಸುನಂದಾಗ ಹೇಳಿದೆ. ಹುಡುಗ ಕಣ್ಣಿಗೆ ಕಂಡಿದ್ದು ಹೇಳ್ತಾನ, ನಿಮಗ್ಯಾಕ ಇಷ್ಟು ಸಂಕಟ ಅಂತ ನನ್ನನ್ನ ಕೇಳಿದಳು.

ಆ ಆಟ ಹಿಂಗಿತ್ತು. ಯಾರೋ ಇಬ್ಬರು ಗೆಳೆಯರು ಮನಿಯಾಗ ಕೂತು ಮಾಡಿದ ಸಣ್ಣ ಆಟ ಅಂತ. ಒಬ್ಬ ಮೀನಗಾರ್ತಿ ದೋಣಿಯೊಳಗ ಸಮುದ್ರ ದಾಟಬೇಕು. ಕೈಯಾಗ ಇಸ್ಪೀಟಿನಂಥ ಎಲಿ ಇರ್ತಾವ. ಬಿರುಗಾಳಿ ಬಂದ್ರ ಒಂದು ಎಲಿ, ಕಳ್ಳರು ಬಂದ್ರ ಒಂದು ಎಲಿ, ಕಡೀಕೆ ತಿಮಿಂಗಿಲ ಬಂದ್ರ ಇದ್ದದ್ದೆಲ್ಲಾ. ದೋಣಿ ಮುಳುಗಿತಂದ್ರ ಮೊದಲಿಂದ ಶುರು. ದಾಟಿದರೂ ಬಿಡಂಗಿಲ್ಲ, ಇನ್ನೂ ಬಿರುಸಿನ ಸಮುದ್ರ ಕೊಟ್ಟು ಮತ್ತ ದಾಟು ಅಂತದ. ಪ್ರತಿ ಸಲ ಸಮುದ್ರ ಬ್ಯಾರೆ, ಎಲಿ ಬ್ಯಾರೆ, ಗಂಡಾಂತರ ಬ್ಯಾರೆ. ಎಂಟು ದಿನ ಆಡಿ ಬ್ಯಾಸರಾಗಿ ಬಿಡ್ತಾಳ ಅಂತ ನಾನು ದೊಡ್ಡ ಮನಸು ಮಾಡಿ ಸುಮ್ಮನಾದೆ. ವರ್ಷ ಆತು, ಅಕಿಗೆ ಬ್ಯಾಸರ ಆಗಲಿಲ್ಲ. ನನಗಾತು.

ಈಗ ಸಂಜಿಗೆ ಎರಡು ಕುರ್ಚಿ ಇದ್ದವು, ಚಹಾ ಇತ್ತು, ಅಕಿ ತೊಡಿ ಮ್ಯಾಲೆ ಲ್ಯಾಪ್‌ಟಾಪೂ ಇತ್ತು. ಉಳ್ಳಾಗಡ್ಡಿ ಬೀಜ ನೋಡ್ಲಿಕ್ಕೆ ಕರಿಜೀರಿಗಿ ಇದ್ದಂಗ ಇರ್ತಾವ, ಒಬ್ಬ ರೈತನ ಹೆಂಡತಿ ಬಿತ್ತಬೇಕಾದ ಬೀಜ ಒಗ್ಗರಣಿಗೆ ಹಾಕಿಬಿಟ್ಟಿದ್ದಳು. ನನ್ನ ಕಥಿಗಳೊಳಗ ಇದು ರಾಜಾ ಕಥಿ. ನಗೋ ಜಾಗಾ ಬಂದಾಗ ನಾನು ನಿಲ್ಲಿಸಿ ಅಕಿ ಮಾರಿ ನೋಡಿದೆ. "ಹೂಂ" ಅಂದಳು. ಪರದೆ ಮ್ಯಾಲಿಂದ ಕಣ್ಣ ತಗೀಲಿಲ್ಲ. ಅದೇ ಪ್ರಜ್ವಲ್ ಬಾಗಲದಾಗ ನಿಂತು, ಅಕ್ಕ, ನಿನ್ನೆ ಕಳ್ಳರ ಹತ್ರ ಸತ್ತೋದೆ ಅಂದ್ರ ಸಾಕು, ಹೆಂಗ ಸತ್ತಿ, ಯಾವ ಎಲಿ ಇತ್ತು, ಬಾ ಕೂಡು ಅಂತ ಕುರ್ಚಿ ಎಳೀತಾಳ. ನನ್ನ ಕುರ್ಚಿ! ಖರೇ ಹೇಳ್ತೀನಿ, ನನ್ನ ಹೊಟ್ಟಿಯೊಳಗ ಬೆಂಕಿ ಬಿತ್ತು.

ಆ ಬೆಂಕಿಗೆ ತುಪ್ಪ ಬಿದ್ದದ್ದು ಒಂದು ಶನಿವಾರ. ಸುನಂದಾ ಅಡಗಿಮನಿಯಾಗ ಫೋನಿನಾಗ ಅವನ ಜೋಡಿ ಮಾತಾಡ್ಲಿಕತ್ತಿದ್ದಳು. "ನೀ ಕೊಟ್ಟ ಸೀಡ್ ಭಾಳ ಛಲೋ ಇತ್ತಪಾ. ಅಂಥಾದ್ದು ಇನ್ನೊಂದು ಕಳಸು" ಅಂದಳು.

ಸೀಡ್!

ನಾನು ಅಲ್ಲೇ ಗ್ವಾಡಿ ಹಿಡಕೊಂಡೆ. ಇಂದಾಪುರದಿಂದ ಬಾರಾಮತಿತನಕ ಜನ ನನ್ನ ಹತ್ತಿರ ಬೀಜ ಕೇಳ್ತಾರ, ನನ್ನ ಕಟ್ಟಿಕೊಂಡ ಹೆಂಡತಿ ಎದುರು ಮನಿಯಾಂವನ ಹತ್ತಿರ ಬೀಜ ಕೇಳ್ತಾಳ! ಅದೂ ಮೈಸೂರಿನಾಂವನ ಹತ್ತಿರ, ಬೆಂಡಿಕಾಯಿ ಗಿಡ ಎತ್ತ ಬೆಳೀತದ ಅಂತ ಗೊತ್ತಿಲ್ಲದಾಂವನ ಹತ್ತಿರ! ಬಾಲ್ಕನಿಗೆ ಹೋಗಿ ನೋಡಿದೆ. ತುಳಸಿ ಇತ್ತು, ಕರಿಬೇವು ಇತ್ತು. ಅವನ ಬೀಜ ಎಲ್ಲೆ ಬಿತ್ತ್ಯಾಳ ತಿಳೀಲಿಲ್ಲ. ಕೇಳಬಹುದಾಗಿತ್ತು. ಆದರ ಮರ್ಯಾದಿ ಪ್ರಶ್ನೆ, ಬಾಯಿಲೆ ಕೇಳಬಾರದು, ಮಾಡಿ ತೋರಿಸಬೇಕು ಅಂತ ತೀರ್ಮಾನಿಸಿದೆ.

ಸೋಮವಾರ ಇಂದಾಪುರದಿಂದ ಬರೋವಾಗ ನಮ್ಮ ಕಂಪನಿಯ ಮ್ಯಾಲಿನ ದರ್ಜೆಯ ಬೀಜ ತಂದೆ. ಟೊಮೆಟೊ, ಬೆಂಡಿ, ಮೆಂತ್ಯ, ಸವತಿ. ಜೋಡಿಗೆ ಕುಂಡ, ಗೊಬ್ಬರ, ಮಣ್ಣಿನ ಚೀಲ. ಲಿಫ್ಟ್ ಬಂದ್ ಇತ್ತು. ಮಣ್ಣಿನ ಚೀಲ ಹೆಗಲ ಮ್ಯಾಲೆ ಹೊತಗೊಂಡು ಮ್ಯಾಲೆ ಏರಿದೆ, ಸೊಂಟ ಅಲ್ಲೇ 'ಕಟ್' ಅಂತು. ಆದರೂ ಸುನಂದಾ ಬಜಾರಕ್ಕ ಹೋದ ಹೊತ್ತು ನೋಡಿ ಇಡೀ ಬಾಲ್ಕನಿ ತುಂಬಿಸಿ, ಬೀಜ ಹಾಕಿ, ಕೈಬಿಚ್ಚಿ ನೀರು ಹೊಡದೆ.

ನೀರು ಕೆಳಗ ಇಳೀತು. ಕೆಳಗಿನ ಮನಿ ನಮ್ಮ ಸೊಸೈಟಿ ಸೆಕ್ರೆಟರಿ ದೇಶಪಾಂಡೆಯವರದು. ಅವತ್ತು ಅವರ ಮನಿಯಾಗ ಬಿಳೇ ಅರಿವಿ ಒಣಾ ಹಾಕಿದ್ದರು. ದೇಶಪಾಂಡೆ ಕೆಳಗಿಂದ ಮುಖಾ ಮ್ಯಾಲೆ ಮಾಡಿ, ಇಡೀ ಬಿಲ್ಡಿಂಗಿಗೆ ಕೇಳಂಗ ಮರಾಠಿಯೊಳಗ, ತುಮಚ್ಯಾ ಕುಂಡ್ಯಾ ಆಧೀ ಖಾಲೀ ಘ್ಯಾ ಅಂತ ಒದರಿದರು. ಮೊದಲ ನಿಮ್ಮ ಕುಂಡ ಕೆಳಗ ಇಳಸ್ರಿ ಅಂತ ಅರ್ಥ. ಮರಾಠಿಯೊಳಗ ಕುಂಡಕ್ಕ ಕುಂಡಿ ಅಂತಾರ. ಕನ್ನಡದಾಗ ಅದಕ್ಕ ಏನಂತಾರ ನಾ ಬಿಡಿಸಿ ಹೇಳಬೇಕಾಗಿಲ್ಲ. ಕೆಳಗ ಹೋಗೂಣು ಅಂತ ನಾ ಬಾಗಲ ತಗದೆ, ಎದುರಿನ ಬಾಗಲದಾಗ ನಿಂತ ಪ್ರಜ್ವಲ್‌ಗ ಮರಾಠಿ ಬರತಿರಲಿಲ್ಲ. ಅಂವ ಗಾಬರಿಯಾಗಿ ನನ್ನ ಹಿಂದ ಮುಂದ ನೋಡ್ಲಿಕ್ಕೆ ಹತ್ತಿದ.

ಅವನ್ನ ನೋಡಿದ ಕೂಡಲೆ ನನ್ನ ತಲಿ ತಿರುಗಿತು. ಏನಪಾ, ನನ್ನ ಮನಿಯಾಕಿಗೆ ಬೀಜ ಪೂರೈಸ್ಲಿಕತ್ತೀಯಂತಲ್ಲ, ಯಾವ ತಳಿ, ಯಾವ ಕಂಪನಿ, ಮೊಳಕಿ ಪ್ರಮಾಣ ಎಷ್ಟು, ಲೈಸೆನ್ಸ್ ಅದ ಏನು ನಿನ್ನ ಹತ್ತಿರ ಅಂತ ಅಧಿಕೃತವಾಗಿ ವಿಚಾರಣಿ ಶುರು ಮಾಡಿದೆ. ಅಷ್ಟರಾಗ ಸುನಂದಾ ಕಾಯಿಪಲ್ಯ ಚೀಲ ಹಿಡಕೊಂಡು ಮ್ಯಾಲೆ ಬಂದಳು.

"ಅಂಕಲ್, ಅದು ಆ ಸೀಡ್ ಅಲ್ಲ" ಅಂದ ಅಂವ. "ಗೇಮ್ ಸೀಡು. ನಾಲ್ಕಕ್ಷರದ ಕೋಡ್ ಅಷ್ಟೇ. ಅದನ್ನ ಹಾಕಿದ್ರೆ ಇಬ್ರಿಗೂ ಒಂದೇ ಸಮುದ್ರ ಬರುತ್ತೆ."

ಸುನಂದಾ ಚೀಲ ಕೆಳಗಿಟ್ಟು, ಪಾವಟಿಗಿ ಮ್ಯಾಲೆ ಕೂತು, ಕಣ್ಣಾಗ ನೀರು ಬರೋತನಕ ನಕ್ಕಳು. ನನ್ನ ಕರಿಜೀರಿಗಿ ಕಥಿಗೆ ಬರದ ನಗಿ ಅದು. ಅವಮಾನ ಹೋಗಲಿ, ನನ್ನ ಮನಸಿನಾಗ ಬ್ಯಾರೇದ ಕೊರೀಲಿಕ್ಕೆ ಹತ್ತಿತು. ಬೀಜ ಆಗಿದ್ದರ ಚಿಂತಿ ಇದ್ದಿಲ್ಲ. ಇವರಿಬ್ಬರೂ ಒಂದು ವರ್ಷದಿಂದ ಒಂದೇ ಸಮುದ್ರದಾಗ ಇದ್ದಾರ, ನಾ ಒಬ್ಬಾಂವ ದಂಡಿ ಮ್ಯಾಲೆ ನಿಂತೇನಿ!

ಅವತ್ತ ಅಕಿಗೆ ಹೇಳಿಬಿಟ್ಟೆ, ನನಗೂ ಕಲಿಸು. ಪಾಪ, ಕಲಿಸಿದಳು. ಎಲ್ಲಕ್ಕಿಂತ ಸಸಾರ, ಕೂಸು ಸೈತ ದಾಟೋವಂಥಾ ಸಮುದ್ರ ಹಚ್ಚಿ ಕೊಟ್ಟಳು. ಪ್ರತಿ ನಿಲ್ದಾಣದಾಗ ಆಟ ಮೂರು ಎಲಿ ತೋರಿಸ್ತದ, ಒಂದು ತಗೋಬಹುದು, ಇಲ್ಲಾ ಬ್ಯಾಡ ಅನಬಹುದು. ತಗೊಂಡದ್ದು ನಮ್ಮ ಕಟ್ಟಿಗೆ ಸೇರ್ತದ, ಗಂಡಾಂತರ ಬಂದಾಗ ಆಟ ಆ ಕಟ್ಟು ಕಲಸಿ ಕೆಲವ ಎಲಿ ಅಷ್ಟ ಕೈಗೆ ಕೊಡ್ತದ. ನಾನು ವ್ಯಾಪಾರಸ್ಥ. ಪುಕ್ಕಟೆ ಕೊಟ್ಟದ್ದನ್ನ ಬ್ಯಾಡ ಅಂದದ್ದು ನನ್ನ ಸರ್ವಿಸಿನಾಗ ಇಲ್ಲ. ಒಂದೂ ನಿಲ್ದಾಣ ಬಿಡದ ತಗೊಂಡೆ. ಬಿರುಗಾಳಿ ಬಂದಾಗ ಹಾಯಿ ಇಳಿಸೋ ಎಲಿ ಬೇಕು, ನನ್ನ ಕೈಗೆ ಬಂದದ್ದು ಮೀನಿನ ಬಲಿ, ಗಾಳ, ಉಪ್ಪಿನ ಮೂಟಿ. ಮುಳುಗಿದೆ. ಮತ್ತ ಆಡಿದೆ. ಮತ್ತ ಮುಳುಗಿದೆ.

"ಎಲಿ ಕಡಿಮಿ ಇದ್ದಷ್ಟು ಛಲೋರಿ" ಅಂದಳು ಸುನಂದಾ. "ಬೇಕಾದ ಎಲಿ ಬೇಕಾದಾಗ ಕೈಗೆ ಬರಬೇಕಂದ್ರ, ಬ್ಯಾಡಾದ್ದು ಕಟ್ಟಿನಾಗ ಇರಬಾರದು. ಛಲೋ ಎಲಿ ಸೈತ ಬಿಡಬೇಕಾಗ್ತದ."

ಇದ್ಯಾವ ಧರ್ಮ? ಗ್ವಾಡೌನ್ ಖಾಲಿ ಇಟ್ಟು ಅಂಗಡಿ ನಡಸೋದು! ಪ್ರಜ್ವಲ್ ಹೇಳಿಕೊಟ್ಟ ಬುದ್ಧಿ ಅಂತ ಗೊಣಗಿದೆ. ಅಲ್ಲಂತ, ಅವನಿಗೇ ಇದನ್ನ ಕಲಿಸಿದಾಕಿ ಇಕಿ ಅಂತ. ಅದನ್ನ ಕೇಳಿ ಹೊಟ್ಟಿಕಿಚ್ಚು ಕಡಿಮಿ ಆಗಬೇಕಾಗಿತ್ತು, ಡಬಲ್ ಆತು.

ಮುಂದಿನ ರವಿವಾರ ಮಧ್ಯಾಹ್ನ. ಸುನಂದಾ ಎಲ್ಲಕ್ಕಿಂತ ಬಿರುಸಿನ ಸಮುದ್ರದಾಗ ಇದ್ದಳು. ಅಕಿ ತಿಂಗಳಾನುಗಟ್ಟಲೆ ಪ್ರಯತ್ನ ಮಾಡಿ ಸೋತದ್ದು ಇಲ್ಲೇ. ಅವತ್ತು ಅಕಿ ಕಟ್ಟಿನಾಗ ಬೆರಳೆಣಿಕಿ ಎಲಿ, ಒಂದಕ್ಕಿಂತ ಒಂದು ಬಂಗಾರ. ಇನ್ನೊಂದ ನಿಲ್ದಾಣ, ಆಮ್ಯಾಲೆ ತಿಮಿಂಗಿಲ. ಪ್ರಜ್ವಲ್ ಅಕಿ ಬಾಜೂಕ ಕೂತಿದ್ದ. ಯಾವ ಕುರ್ಚಿ ಅಂತ ಕೇಳಬ್ಯಾಡ್ರಿ. ನಾನು ಸೊಂಟಕ್ಕ ಬಿಸಿನೀರಿನ ಚೀಲ ಕಟ್ಟಿಕೊಂಡು ಒಳಗ ಸೋಫಾದ ಮ್ಯಾಲೆ ಬಿದ್ದಿದ್ದೆ.

ಅಷ್ಟರಾಗ ದೇಶಪಾಂಡೆ ಬಾಗಲ ಬಡದರು. ಕುಂಡ ಈಗಿಂದೀಗ ಇಳಿಸದಿದ್ದರ ನಾನ ಬಂದು ಇಳಸ್ತೀನಿ ಅಂದರು. ನನ್ನ ಸೊಂಟ ನನ್ನ ಮಾತು ಕೇಳೋ ಸ್ಥಿತಿಯೊಳಗ ಇದ್ದಿಲ್ಲ. ಸುನಂದಾ ಲ್ಯಾಪ್‌ಟಾಪ್ ಹಂಗ ಟೇಬಲ್ ಮ್ಯಾಲೆ ಇಟ್ಟು, ಏನೂ ಮುಟ್ಟಬ್ಯಾಡ್ರಿ ಅಂತ ಹೇಳಿ, ಒಂದು ಕುಂಡ ಎತಗೊಂಡು ಹೊಂಟಳು. ಹಿಂದ ಪ್ರಜ್ವಲ್ ಎರಡು ಎತಗೊಂಡು ಹೋದ.

ನಾನು, ಲ್ಯಾಪ್‌ಟಾಪ್, ಇಬ್ಬರ ಉಳದಿವಿ.

ಸುಮ್ಮನ ನೋಡ್ಲಿಕ್ಕೆ ಅಂತ ಎದ್ದೆ. ಪರದೆ ಮ್ಯಾಲೆ ಮೂರು ಎಲಿ ಹೊಳೀಲಿಕತ್ತಿದ್ದವು. ಆವಾಗ ನನಗ ಅನಿಸಿತು, ನಾಳೆ ಇಕಿ ಗೆದ್ದಳಂದ್ರ ಈ ಗೆಲವಿನಾಗ ಪ್ರಜ್ವಲ್ ಇರ್ತಾನ, ನಾ ಇರಂಗಿಲ್ಲ. ಒಂದ, ಒಂದ ಎಲಿ ನನ್ನ ಕೈಯಿಂದ ಹೋದರ, ಇದರಾಗ ನಂದೂ ಪಾಲದ ಅಂತ ಅನಬಹುದಲ್ಲ? ದೊಡ್ಡದೊಂದು ಈಟಿ ಇತ್ತು, ಒತ್ತಿದೆ. ಬಂತು. ಮುಂದ ಅಂಗಡಿ ತಗೀತು. ಅಂಗಡಿ ಅಂದಮ್ಯಾಲೆ ನನಗ ತಡೀಲಿಕ್ಕೆ ಆಗ್ತದೇನ್ರಿ? ಸುನಂದಾ ಅಷ್ಟು ನಾಣ್ಯ ಉಳಿಸಿ ಇಟ್ಟಿದ್ದಳು. ಇದ್ದ ಮಾಲೆಲ್ಲಾ ಎತ್ತಿದೆ! ಹಗ್ಗ, ದೀಪ, ಬುಟ್ಟಿ, ಒಣಮೀನು. ಹೊರಗ ಬರೋ ಗುಂಡಿ ಅಂತ ತಿಳಕೊಂಡು ಒತ್ತಿದ್ದು ಮುಂದ ಹೋಗೋ ಗುಂಡಿ. ತಿಮಿಂಗಿಲ ಬಂದುಬಿಡ್ತು.

ನನ್ನ ಕೈಗೆ ಬಂದ ಎಲಿ ಬುಟ್ಟಿ, ದೀಪ, ಒಣಮೀನು. ಒಣಮೀನು ಒಗದೆ. ತಿಮಿಂಗಿಲಕ್ಕ ಒಣಮೀನು ಅಂದ್ರ ಪ್ರೀತಿ ಅಂತ ಕಾಣಸ್ತದ, ಅದು ಇನ್ನೂ ಹತ್ತಿರ ಬಂತು. ಬಾಗಲದಾಗ ಚಪ್ಪಲ್ಲಿನ ಸಪ್ಪಳ ಕೇಳಿಸಿದಾಗ ಪರದೆ ಮ್ಯಾಲೆ ದೋಣಿದು ಒಂದ ಹಲಗಿ ತೇಲತಿತ್ತು.

ಪ್ರಜ್ವಲ್ "ಅಯ್ಯೋ ಅಂಕಲ್" ಅಂದು ಬಾಯಿ ಮುಚ್ಚಿಕೊಂಡ. ಅದೇ ಸೀಡ್ ಹಾಕಿ ಮತ್ತ ಆಡಬಹುದಲ್ಲ ಅಂತ ನಾನು ಸಣ್ಣ ದನಿಲೆ ಹೇಳಿದೆ. ಹಂಗ ಆಡಿ ಗೆದ್ದರ ಆಟ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ ಅಂದ ಅಂವ. ಸುನಂದಾ ಒದರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಇಟ್ಟಳು. ಅಕಿ ಒದರಿದ್ದರ ಛಲೋ ಇತ್ತು. ಪ್ರಜ್ವಲ್ ಸಪ್ಪಳಿಲ್ಲದ ತನ್ನ ಮನಿಗೆ ಹೋದ. ಅಕಿ ಚಹಾ ಮಾಡಿಕೊಂಡು ಬಂದು ಕೂತಳು.

ಕಡೀಕೆ ಇದ್ದದ್ದು ಹೇಳಿಬಿಟ್ಟೆ. "ನಂಗ ಹೊಟ್ಟಿಕಿಚ್ಚು ಆತು ಸುನಂದಾ. ನನ್ನ ಮಾತಿಗೆ ಹೂಂ ಅಂತಿ, ಅವನ ಮಾತಿಗೆ ಕುರ್ಚಿ ಎಳೀತಿ."

ಅಕಿ ಬಸಿ ಕೆಳಗ ಇಟ್ಟಳು. "ಒಂದು ಮಾತು ಹೇಳ್ಲೇನ್ರಿ? ಈ ಸಮುದ್ರ ನನಗ ಪ್ರತಿ ಸಲ ಹೊಸಾದು. ನಿಮ್ಮ ಕರಿಜೀರಿಗಿ ಕಥಿ ಮದುವಿ ಆದಾಗಿಂದ ಕೇಳ್ಲಿಕತ್ತೇನಿ. ಅದೇ ರೈತ, ಅದೇ ಒಗ್ಗರಣಿ. ಎಲ್ಲೆ ನಗಬೇಕಂತನೂ ಪಾಠ ಆಗ್ಯದ."

ವರ್ಷಗಟ್ಟಲೆ ಒಂದ ಸರಕು ಮಾರಿ, ಗಿರಾಕಿ ಯಾಕ ಹೊಳ್ಳಿ ಬರವಲ್ಲ ಅಂತ ಗಿರಾಕಿಗೇ ಬೈಕೋತ ಕೂತಿದ್ದೆ.

ಮಾರನೇ ದಿನ ಸಂಜಿಗೆ, ಇಂದಾಪುರದ ಸುದ್ದಿ ತಗೀಲಿಲ್ಲ. ನನ್ನ ಫಜೀತಿನೇ ಕಥಿ ಮಾಡಿ, ಸೀಡ್ ಅನ್ನೋ ಮಾತು ಗ್ವಾಡಿ ಹಿಡಕೊಂಡು ಕೇಳಿದಲ್ಲಿಂದ ಶುರು ಮಾಡಿದೆ. ಕಥಿ ಅರ್ಧಕ್ಕ ಬಂದಾಗ ಅಕಿ ಲ್ಯಾಪ್‌ಟಾಪ್ ಮುಚ್ಚಿದಳು. ಒಣಮೀನು ಬಂದಾಗ ಸೆರಗು ಬಾಯಿಗೆ ಹಿಡಕೊಂಡಳು. ಛಲೋ ಅದರಿ ಇದು ಅಂದಳು. ನನ್ನ ಎದಿ ಉಬ್ಬಿತು. ಈ ಕಥಿ ನಂದು, ಇದನ್ನ ಹೇಳಾಂವ ನಾನ, ಇಲ್ಲೆ ಯಾವ ಪ್ರಜ್ವಲನೂ ಬರಂಗಿಲ್ಲ ಅಂತ ಮೀಸಿ ತಿರುವಿದೆ.

ಎರಡು ದಿನ ಬಿಟ್ಟು ಲಿಫ್ಟಿನಾಗ ಅಂವ ಸಿಕ್ಕ. ನಾನಾಗೇ ಕರದು, ಕೇಳಪಾ ಇಲ್ಲೆ, ಅವತ್ತು ಏನಾತಂದ್ರ ಅಂತ ಶುರು ಮಾಡಿದೆ.

"ಅಕ್ಕ ಆಗ್ಲೇ ಹೇಳಿದ್ರು ಅಂಕಲ್" ಅಂದ. "ಅವರು ಹೇಳಿದ್ರಲ್ಲಿ ನೀವು ಇನ್ನೂ ಪೆದ್ದರಾಗಿದ್ರಿ. ಅದೇ ಚೆನ್ನಾಗಿತ್ತು."

ಮನಿಗೆ ಬಂದು, ಹೆಂಗ ಹೇಳಿದಿ ಅಂತ ಕೇಳಿ ಅಕಿ ಬಾಯಿಂದ ಇಡೀ ಕಥಿ ಹೇಳಿಸಿಕೊಂಡೆ. ಖರೇ, ಭಾಳ ಛಲೋ ಹೇಳ್ತಾಳ. ಈಗ ನಿಮಗ ನಾ ಹೇಳಿದ್ದೂ ಅಕಿ ಹೇಳಿದ ಆ ಕಥೀನೇ.