ಬೋನು, ಮೇಕೆ ಮತ್ತು ನನ್ನ ರಜೆ

ಅರಣ್ಯ ಇಲಾಖೆಯ ಗಾರ್ಡ್ ಕೆಲಸದಲ್ಲೇ ತಲೆ ನೆರೆಯಿತು. ಇನ್ನು ಹೊಸ ಪೇಚಾಟವೇನೂ ಬರಲಾರದು ಎಂದು ಉಸಿರು ಬಿಡುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ.

ನಿಮ್ಮಾನೆ

ಅರಕಲಗೂಡು ಕಡೆ ಇದ್ದಾಗ ಒಬ್ಬರು ಬೆಳಿಗ್ಗೆ ಬೆಳಿಗ್ಗೆಯೇ ಫೋನು ಮಾಡಿ, ನಿಮ್ಮಾನೆ ನಮ್ಮ ತೋಟಕ್ಕೆ ಬಂದಿದೆ, ಬಂದು ಕರೆದುಕೊಂಡು ಹೋಗಿ ಎಂದರು. ನಮ್ಮ ಕಡೆಯವರ ಲೆಕ್ಕದಲ್ಲಿ ಕಾಡುಪ್ರಾಣಿಗಳೆಲ್ಲ ಇಲಾಖೆಯವರು ಸಾಕಿಕೊಂಡವೇ. ಅದು ನನ್ನ ಮಾತು ಕೇಳುವುದಿಲ್ಲ ಸ್ವಾಮಿ ಎಂದೆ. ಅವರೇ ನನಗೆ ಧೈರ್ಯ ಹೇಳಿದರು:

"ಯೂನಿಫಾರಂ ಆಕ್ಕಂಡ್ ಬನ್ನಿ ಸಾ, ಗುರ್ತು ಇಡಿತದೆ."

ಗಟ್ಟಿ ಕೊಟ್ಟಿಗೆ

ಈಚೆಗೆ ಹಿರೀಸಾವೆ ಹತ್ತಿರದ ಒಂದೂರಿನಲ್ಲಿ ಚಿರತೆ ಕಾಣಿಸಿಕೊಂಡಿತು. ಅದೇ ವಾರ ಹಾಸನದಲ್ಲಿ ನನ್ನ ಮಗಳ ನಿಶ್ಚಿತಾರ್ಥ. ಚಿರತೆ ಬೋನಿಗೆ ಬೀಳುವವರೆಗೆ ರಜೆಯ ಮಾತೆತ್ತಬೇಡ ಎಂದುಬಿಟ್ಟರು ರೇಂಜರ್ ಸಾಹೇಬರು. ಸಾಕಾಗಿ ಹೋಗಿತ್ತು ನನಗೆ. ಜೋಳದ ಹೊಲದಲ್ಲಿ ಬೋನು ಇಟ್ಟು, ಒಳಗೆ ನಾಯಿ ಕಟ್ಟಿ ಬಂದೆ.

ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿದೆ ಎಂದು ಸುದ್ದಿ ಬಂತು. ಚಿರತೆ ಬಿತ್ತೆಂದು ಸಾಹೇಬರಿಗೂ ಮಗಳಿಗೂ ಹೇಳಿ, ಬೈಕ್ ಹತ್ತಿ ಓಡಿದೆ. ನೋಡಿದರೆ ಒಳಗೆ ಹೊಲದ ಯಜಮಾನರ ಮೇಕೆಗಳು ಹಾಯಾಗಿ ಮೆಲುಕು ಹಾಕುತ್ತಿವೆ. ನಾಯಿಯನ್ನು ಬಿಚ್ಚಿ ಕಳಿಸಿದ್ದರಂತೆ. ರಜೆ ಅದಕ್ಕಾದರೂ ಸಿಕ್ಕಿತ್ತು. ಇದೇನು ಯಜಮಾನ್ರೇ ಎಂದು ಕೇಳಿದೆ.

"ಚಿರತೆ ಕಾಟ ಅಲ್ವಾ ಸಾ? ಊರಲ್ಲಿ ಇದ್ಕಿಂತ ಗಟ್ಟಿ ಕೊಟ್ಟಿಗೆ ಎಲ್ಲದೆ?"

ಬಿದ್ದದ್ದು ಗಂಡು

ಅಳುವುದೊಂದು ಬಾಕಿ. ಮೇಕೆಗಳನ್ನು ಹೊರಗಟ್ಟಿ, ಬೋನು ಕೆಟ್ಟಿದೆಯೇನೋ ನೋಡೋಣವೆಂದು ಬಗ್ಗಿ ಒಳಗೆ ಹೋದೆ. ಹಲಗೆ ತುಳಿದದ್ದೇ ತಡ, ಹಿಂದೆ ಬಾಗಿಲು ದಡಾರನೆ ಬಿತ್ತು. ಮುಗ್ಗರಿಸಿ ಮಂಡಿ ಬೇರೆ ತರಚಿತು. ಯಜಮಾನರು ಬಾಗಿಲು ಎತ್ತಲು ಬರುವಷ್ಟರಲ್ಲಿ ಬೈಕ್ ಮೇಲಿದ್ದ ನನ್ನ ಫೋನು ಬಡಿದುಕೊಂಡಿತು. ಅವರು ಹೋಗಿ ಎತ್ತಿಕೊಂಡರು. ಸಾಹೇಬರದು. ಆ ಕಡೆಯ ಮಾತು ನನಗೆ ಕೇಳಲಿಲ್ಲ, ಈ ಕಡೆಯದು ಚೆನ್ನಾಗಿಯೇ ಕೇಳಿತು.

"ಊಂ ಸಾ, ಈಗ ತಾನೇ ಬಿತ್ತು... ಗಂಡೇ... ವಯಸ್ಸಾಗದೆ... ಒಸಿ ಮಂಡಿ ತರಚದೆ."

ನಾನು ಸಾರ್, ನಾನು ಎಂದು ಕಂಬಿ ಹಿಡಿದು ಅಲ್ಲಾಡಿಸಿದೆ.

"ಊಂ ಸಾ, ಕೂಗಾಟ ಜಾಸ್ತಿ."

ಫೋನು ಇಟ್ಟು ಬಂದ ಯಜಮಾನರು ಬೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮುಖದ ತುಂಬ ನಗು.

"ಒಳ್ಳೆ ಸುದ್ದಿ ಸಾ. ನಿಮ್ಗೆ ರಜಾ ಕೊಟ್ಟವ್ರೆ, ಈಗ್ಲೇ ಒರಡಬೌದಂತೆ. ಆದ್ರೆ ಹಾಸನದಿಂದ ಡಾಕ್ಟ್ರು ಬರಗಂಟ ಬಾಗ್ಲು ಮಾತ್ರ ತೆಗೀಬ್ಯಾಡಿ ಅಂದವ್ರೆ."